ಆರು ಗಂಟೆಯ ಷರತ್ತು

1946ರ ನವೆಂಬರ್ 14, ಗುರುವಾರ. ಸಂಜೆ ಸರಿಯಾಗಿ ಆರು ಗಂಟೆಗೆ ಲೊರೀನ್ ಹ್ಯಾಡ್ಲಿ ಮೆರಿಡಿಯನ್ ಸ್ಟುಡಿಯೋದ ಏಳನೇ ಸ್ಟೇಜಿನಿಂದ ಹೊರಗೆ ಹೋದಳು.

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆರು ವರ್ಷಗಳಿಂದ ಅವಳು ಆರಕ್ಕೇ ಹೋಗುತ್ತಿದ್ದಳು. ಅವಳ ಕರಾರಿನ ಹನ್ನೊಂದನೇ ಕಲಮು ಅದನ್ನೇ ಹೇಳುತ್ತಿತ್ತು: ಸಂಜೆ ಆರರ ನಂತರ ನಟಿಯನ್ನು ಸೆಟ್ಟಿನಲ್ಲಿ ಉಳಿಸಿಕೊಳ್ಳುವಂತಿಲ್ಲ. ಇಡೀ ಸ್ಟುಡಿಯೋದಲ್ಲಿ ಇಂಥ ಕಲಮು ಇದ್ದದ್ದು ಮೂವರಿಗೆ. ಐದೂ ಐವತ್ತೈದಕ್ಕೆ ಅವಳ ಕೂದಲು ನೋಡಿಕೊಳ್ಳುವವಳು ಒಂದು ಶಾಲು ಹಿಡಿದು ಕ್ಯಾಮೆರಾದ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು. ಮೇಲೆ ಅಟ್ಟಣಿಗೆಯಲ್ಲಿದ್ದ ಲೈಟಿನವರು ಅದನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

“ಶಾಲು ಬಂತು. ನಿಂದು ಎರಡು ನಿಮಿಷ ಹಿಂದಿದೆ ನೋಡಯ್ಯ.”

“ನಂದು ಸರಿಯಾಗೇ ಇದೆ. ಮೇಡಂ ಇವತ್ತು ಬೇಗ ಹಸಿದಿದ್ದಾರೆ.”

ಅಂದು ಮಾತ್ರ ಇನ್ನೊಂದು ಶಾಟು ಬಾಕಿಯಿತ್ತು. ಅದು ಲೊರೀನಳದಲ್ಲ. ಎನಿಡ್ ಟ್ರಾಟರ್ ಎಂಬವಳ ಕ್ಲೋಸಪ್ಪು.

ಎನಿಡ್ ಎಂಟು ವರ್ಷ ಲೊರೀನಳ ಬದಲಿಯಾಗಿದ್ದವಳು. ಬದಲಿ ಎಂದರೆ ನಟಿಸುವವಳಲ್ಲ, ನಿಲ್ಲುವವಳು. ಇಬ್ಬರದೂ ಐದಡಿ ನಾಲ್ಕಂಗುಲ ಎತ್ತರ, ಇಬ್ಬರದೂ ಜೇನಿನ ಬಣ್ಣದ ಕೂದಲು. ಲೊರೀನ್ ತನ್ನ ಕೋಣೆಯಲ್ಲಿ ಕಾಲು ಚಾಚಿ ಕಾಫಿ ಕುಡಿಯುವಾಗ ಎನಿಡ್ ನೆಲದ ಮೇಲಿನ ಸೀಮೆಸುಣ್ಣದ ಗುರುತಿನ ಮೇಲೆ ನಿಂತಿರುತ್ತಿದ್ದಳು. ಕ್ಯಾಮೆರಾದವರು ಅವಳ ಮುಖಕ್ಕೆ ಬೆಳಕು ಅಳೆದು, ದೀಪ ಸರಿಸಿ, ಮತ್ತೆ ಅಳೆದು, ಎಲ್ಲ ಸಿದ್ಧವಾದ ಮೇಲೆ ಲೊರೀನಳನ್ನು ಕರೆಯುತ್ತಿದ್ದರು. ಎನಿಡ್ ಗುರುತಿನಿಂದ ಪಕ್ಕಕ್ಕೆ ಸರಿಯುವಾಗ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದಳು: “ಬನ್ನಿ ದೊರೆಸಾನಿ, ಜಾಗ ಬೆಚ್ಚಗಿಟ್ಟಿದ್ದೀನಿ.”

ಈ ಚಿತ್ರದಲ್ಲಿ ಅವಳಿಗೆ ಒಂದು ಸಣ್ಣ ಪಾತ್ರ ಸಿಕ್ಕಿತ್ತು. ನಿರ್ದೇಶಕ ವಾಲ್ಟರ್ ಹ್ಯೂಬ್ನರನಿಗೆ ಹೇಳಿ ಕೊಡಿಸಿದವಳು ಲೊರೀನಳೇ. ನಾಯಕಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ಒಂದು ದಿನ ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದು ಆ ಗಂಡನ ಕೈಗವಸುಗಳನ್ನು ಹಿಂದಿರುಗಿಸಿ ಹೋಗುತ್ತಾಳೆ. ಬಂದವಳಿಗೆ ನಾಲ್ಕು ಮಾತು, ಒಂದು ಕ್ಲೋಸಪ್ಪು. ಅದು ಚೆನ್ನಾಗಿ ಬಂದರೆ ಎನಿಡ್‌ಗೆ ಆರು ತಿಂಗಳ ನಟಿಯ ಕರಾರು ಕೊಡುವುದೆಂದು ಕಚೇರಿಯವರು ಒಪ್ಪಿದ್ದರು. ಬರದಿದ್ದರೆ ಏನು ಎಂಬುದನ್ನು ಯಾರೂ ಹೇಳಿರಲಿಲ್ಲ. ಅವಳಿಗೆ ಮೂವತ್ತೊಂದು ವರ್ಷ.

ಕ್ಯಾಮೆರಾ ಒಬ್ಬರ ಮುಖದ ಮೇಲಿದ್ದಾಗ ಎದುರಿನ ನಟರು ಕ್ಯಾಮೆರಾದ ಪಕ್ಕ ನಿಂತು ತಮ್ಮ ಮಾತನ್ನು ಹೇಳಿಕೊಡುವುದು ಆ ಸಿನಿಮಾ ಊರಿನ ಮರ್ಯಾದೆ. ಕಾನೂನಲ್ಲ, ಯಾವ ಕರಾರಿನಲ್ಲೂ ಬರೆದದ್ದಲ್ಲ. ನಿಲ್ಲಲು ಮನಸ್ಸಿಲ್ಲದವರು ಹೋಗಿಬಿಡುತ್ತಾರೆ. ಆಗ ಸ್ಕ್ರಿಪ್ಟು ಹಿಡಿದು ಕೂತ ಹೆಂಗಸು ಆ ಮಾತುಗಳನ್ನು ಓದಿ ಹೇಳುತ್ತಾಳೆ. ಓದಿದ್ದಕ್ಕೂ ಆಡಿದ್ದಕ್ಕೂ ಇರುವ ವ್ಯತ್ಯಾಸ ತೆರೆಯ ಮೇಲೆ ಕೇಳುವವರ ಕಣ್ಣಿನಲ್ಲಿ ಕಾಣುತ್ತದೆ.

ಮಧ್ಯಾಹ್ನ ನಾಲ್ಕಕ್ಕೆ ತಾಲೀಮು ನಡೆದಿತ್ತು. ಎನಿಡ್ ಬಾಗಿಲಲ್ಲಿ ನಿಂತು ತನ್ನ ಮೂರನೇ ಮಾತು ಹೇಳುವಾಗ ಅಟ್ಟಣಿಗೆಯ ಲೈಟಿನವರು ಅಗಿಯುವುದನ್ನು ನಿಲ್ಲಿಸಿದರು. ಕೆಳಗೆ ಬಡಗಿಯೊಬ್ಬ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದುಕೊಂಡ. ಆ ಮೌನ ಲೊರೀನಳಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷಗಳಿಂದ ಅದು ತನ್ನೊಬ್ಬಳದೇ ಎಂದು ಅವಳು ತಿಳಿದಿದ್ದಳು.

ಆರಕ್ಕೆ ಐದು ನಿಮಿಷ ಇರುವಾಗ ಶಾಲು ಬಂತು. ಹ್ಯೂಬ್ನರ್ ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿದ.

“ಲೊರೀನ್, ಇನ್ನೊಂದು ಹತ್ತು ನಿಮಿಷ. ಎನಿಡ್‌ಗೆ.”

“ವಾಲ್ಟರ್, ನನ್ನ ಕರಾರು ನಿಮಗೆ ಗೊತ್ತಿದೆ.”

“ಗೊತ್ತಿದೆ. ಕರಾರಿನ ಮೇಲೆ ಕೇಳ್ತಾ ಇಲ್ಲ.”

“ಇವತ್ತು ಇದ್ರೆ ನಾಳೆ ಕಚೇರಿಯವರು ಕೇಳ್ತಾರೆ, ನಾಡಿದ್ದು ಎಲ್ರೂ ಕೇಳ್ತಾರೆ,” ಎಂದಳು ಲೊರೀನ್. ಅವಳ ಏಜೆಂಟ್ ಲೂ ಗ್ರಾನಿಕ್ ಆ ಷರತ್ತು ಗೆದ್ದುಕೊಟ್ಟ ದಿನವೇ ಎಚ್ಚರಿಸಿದ್ದ: ಒಂದೇ ಒಂದು ದಿನ ಆರೂ ಐದಕ್ಕೆ ನೀನು ಅಲ್ಲಿ ಕಂಡ್ರೆ, ಆ ಕಲಮು ಸತ್ತ ಹಾಗೆ. ಅವನು ಹೇಳಿದ್ದು ಸುಳ್ಳೂ ಅಲ್ಲ.

ಎನಿಡ್ ಗುರುತಿನ ಮೇಲೆ ನಿಂತಿದ್ದಳು, ಕೈಯಲ್ಲಿ ಗವಸುಗಳು. ಅವಳ ಮುಖದ ಮೇಲೆ ಬಿದ್ದಿದ್ದ ಬೆಳಕನ್ನು ಅಂದು ಬೇರೊಬ್ಬ ಹುಡುಗಿಯನ್ನು ನಿಲ್ಲಿಸಿ ಅಳೆದಿದ್ದರು. “ಹೋಗಿ ಬನ್ನಿ ದೊರೆಸಾನಿ,” ಎಂದಳು. ಹೋಗಿ ಅನ್ನಲಿಲ್ಲ, ಹೋಗಿ ಬನ್ನಿ ಅಂದಳು.

ಲೊರೀನ್ ಮನೆಗೆ ಹೋಗಲಿಲ್ಲ. ಸ್ಟೇಜಿನ ಬಾಗಿಲಿನಿಂದ ಎಂಬತ್ತು ಹೆಜ್ಜೆ ದೂರದಲ್ಲಿದ್ದ ತನ್ನ ಕೋಣೆಗೆ ಹೋಗಿ, ಕೂದಲಿನವಳನ್ನು ಕಳಿಸಿ, ಕನ್ನಡಿಯ ಮುಂದೆ ಕೂತಳು. ಮುಖಕ್ಕೆ ಕ್ರೀಮು ಹಚ್ಚಿದಳು. ಅದನ್ನು ಒರೆಸಲಿಲ್ಲ. ರೇಡಿಯೋ ಹಾಕಲಿಲ್ಲ. ಆರೂ ನಲವತ್ತಕ್ಕೆ ಸ್ಟೇಜಿನ ದೊಡ್ಡ ದೀಪಗಳು ಆರಿದ್ದು ಕಿಟಕಿಯಿಂದ ಕಂಡ ಮೇಲೆ ಎದ್ದು ಕಾರು ತರಿಸಿದಳು.

ಶುಕ್ರವಾರ ಕಚೇರಿಯವರು ಆ ತುಣುಕನ್ನು ನೋಡಿದರು. ಕೆಳಗೆ ಬಂದ ಚೀಟಿಯಲ್ಲಿ ಒಂದೇ ಸಾಲು: ಮುಖ ಚೆನ್ನಾಗಿದೆ, ಕಣ್ಣಲ್ಲಿ ಏನೂ ಇಲ್ಲ. ಮುಂದಿನ ಬುಧವಾರ ಆ ದೃಶ್ಯವನ್ನೇ ಬದಲಿಸಿದರು. ಕೈಗವಸುಗಳು ಅಂಚೆಯಲ್ಲಿ ಬಂದವು. ಎನಿಡ್‌ಗೆ ನಟಿಯ ಕರಾರು ಸಿಗಲಿಲ್ಲ; ಬದಲಿಯ ಕೆಲಸಕ್ಕೆ ಅಷ್ಟರಲ್ಲಿ ಬೇರೆ ಹುಡುಗಿ ಬಂದು ಒಗ್ಗಿಬಿಟ್ಟಿದ್ದಳು. ಹೊಸಬಳು ಹೇಗಿದ್ದಾಳೆ ಎಂದು ಲೊರೀನಳನ್ನು ಕೇಳಿದರು. ಪರವಾಗಿಲ್ಲ ಎಂದಳು. ಕ್ರಿಸ್ಮಸ್ಸಿಗೆ ಮೊದಲು ಎನಿಡ್ ತನ್ನ ಊರಾದ ಫ್ರೆಸ್ನೊಗೆ ಹೊರಟುಹೋದಳು.

ಅದಾದ ಮೇಲೆ ಲೊರೀನ್ ಹ್ಯಾಡ್ಲಿ ಮೆರಿಡಿಯನ್‌ನಲ್ಲಿ ಇನ್ನೂ ಐದು ಚಿತ್ರ ಮಾಡಿದಳು. ಎರಡು ಓಡಿದವು. 1949ರಲ್ಲಿ ಸ್ಟುಡಿಯೋ ಅವಳನ್ನು ಕೈಬಿಟ್ಟಿತು. ಪತ್ರಿಕೆಗಳು ಅವಳಿಗೆ ಮೂವತ್ತನಾಲ್ಕು ಎಂದು ಬರೆದವು. ನಿಜಕ್ಕೆ ಮೂವತ್ತೇಳು: ನೆಬ್ರಾಸ್ಕದ ವಿಲ್ಬರ್ ಎಂಬ ಊರಲ್ಲಿ, ಬೊಹೀಮಿಯದಿಂದ ಬಂದ ಬೇಕರಿಯವನ ಮಗಳಾಗಿ, ಲುಡ್ಮಿಲಾ ವೊಂದ್ರಾ ಎಂಬ ಹೆಸರಿನಲ್ಲಿ ಹುಟ್ಟಿದವಳು. ಹೊಸ ಹೆಸರನ್ನೂ ಕಡಿಮೆ ಮಾಡಿದ ಮೂರು ವರ್ಷವನ್ನೂ ಒಂದೇ ದಿನ ಪ್ರಚಾರ ವಿಭಾಗದವರು ಟೈಪು ಮಾಡಿ ಕೊಟ್ಟಿದ್ದರು. ಬಳಿಕ ಎರಡು ಮದುವೆ, ಬೇಸಿಗೆಯ ನಾಟಕ ಕಂಪನಿಗಳು, ಒಂದು ಸಾಬೂನಿನ ಜಾಹೀರಾತು. ಟೆಲಿವಿಷನ್ನು ಬಂದಾಗ ಅದರಲ್ಲಿ ತಾಯಿಯ ಪಾತ್ರಗಳು, ಅತ್ತೆಯ ಪಾತ್ರಗಳು.

ಊಟಕ್ಕೆ ಕರೆದ ಮನೆಗಳಲ್ಲಿ ಹಳೆಯ ಕಾಲದ ಮಾತು ಬಂದಾಗ ಅವಳು ಎನಿಡ್‌ಳ ಕಥೆಯನ್ನು ಹೇಳುತ್ತಿದ್ದಳು. ಅವಳು ಹೇಳುತ್ತಿದ್ದ ಕಥೆಯಲ್ಲಿ ನಾಯಕಿಯೊಬ್ಬಳು ತನ್ನ ಬಡ ಬದಲಿಗೆ ಒಂದು ಪಾತ್ರ ಕೊಡಿಸುತ್ತಾಳೆ, ಪಾಪ ಆ ಹುಡುಗಿಗೆ ಕ್ಯಾಮೆರಾದ ಮುಂದೆ ಕೈಕಾಲು ಆಡುವುದಿಲ್ಲ. ಕೇಳಿದವರು ಲೊರೀನಳ ಒಳ್ಳೆಯತನವನ್ನು ಮೆಚ್ಚುತ್ತಿದ್ದರು. ಹನ್ನೊಂದನೇ ಕಲಮು ಆ ಕಥೆಯಲ್ಲಿ ಬರುತ್ತಿರಲಿಲ್ಲ.

1963ರ ಅಕ್ಟೋಬರ್ 8, ಮಂಗಳವಾರ, ಅವಳು ಒಂದು ಟೆಲಿವಿಷನ್ ಧಾರಾವಾಹಿಯ ಸೆಟ್ಟಿನಲ್ಲಿದ್ದಳು. ಆಸ್ಪತ್ರೆಯ ಕಥೆ. ನಾಯಕ ರಸ್ ಕೆಲ್ಸೊ ಎಂಬ ಇಪ್ಪತ್ತಾರರ ಯುವಕ. ಅವನದು ವೈದ್ಯನ ಪಾತ್ರ, ಇವಳದು ಗುಣವಾಗದ ರೋಗಿಯದು. ಸ್ಕ್ರಿಪ್ಟು ಹಿಡಿದು ಕೂತಿದ್ದವಳನ್ನು ಅವಳು ಬೆಳಿಗ್ಗೆಯೇ ಗುರುತಿಸಿದ್ದಳು: ಬೆಸ್ ಕ್ರೌಡರ್, ಮೆರಿಡಿಯನ್‌ನಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳು. ಅರವತ್ತಕ್ಕೆ ಹತ್ತಿರ ಬಂದಿದ್ದರೂ ಸೆಟ್ಟಿನಲ್ಲಿ ಈಗಲೂ ಅವಳನ್ನು ಸ್ಕ್ರಿಪ್ಟ್ ಹುಡುಗಿ ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನ ಊಟದ ಮೇಜಿನಲ್ಲಿ ಬೆಸ್ ತನ್ನ ಸ್ಯಾಂಡ್‌ವಿಚ್ಚಿನ ಕಾಗದ ಬಿಡಿಸುತ್ತ ಮಾತು ತೆಗೆದಳು.

“ಎನಿಡ್ ಕಾರ್ಡು ಕಳಿಸ್ತಾಳೆ ನಿಮಗೆ?”

“ಯಾವ ಎನಿಡ್?” ಎಂದಳು ಲೊರೀನ್. ಹಾಗೆ ಕೇಳಿದ್ದಕ್ಕೆ ತನಗೇ ನಾಚಿಕೆಯಾಯಿತು. “ಇಲ್ಲ. ನಿನಗೆ ಕಳಿಸ್ತಾಳಾ?”

“ಪ್ರತಿ ಕ್ರಿಸ್ಮಸ್ಸಿಗೆ. ಅರ್ಮೇನಿಯದವನನ್ನ ಮದುವೆ ಆಗಿದ್ದಾಳೆ, ಟೈರಿನ ಅಂಗಡಿ. ಸ್ಕೂಲಿನ ಅಡುಗೆಮನೆ ನೋಡ್ಕೋತಾಳೆ. ನಾನೂ ಬರೀತೀನಿ. ಬರೆಯೋವಾಗೆಲ್ಲ ಆ ದಿನ ನೆನಪಾಗುತ್ತೆ.”

“ಯಾವ ದಿನ?”

“ನೀವು ಹೋದ ದಿನ. ನಿಮ್ಮ ಮಾತು ಓದಿದವಳು ನಾನೇ ಅಲ್ವಾ? ದಿನಸಿ ಪಟ್ಟಿ ಓದಿದ ಹಾಗೆ ಓದ್ದೆ. ‘ಇದು ನಿಮಗೆ ಎಲ್ಲಿ ಸಿಕ್ತು’ ಅಂತ ನಾನು ಕೇಳಿದ್ರೆ ಯಾರಾದ್ರೂ ಮೊಟ್ಟೆ ಎಲ್ಲಿ ಸಿಕ್ತು ಅಂತ ತಿಳ್ಕೊಬೇಕು. ಆ ಹುಡುಗಿ ಏನು ಮಾಡ್ತಾಳೆ ಪಾಪ. ನನ್ನ ಮುಖ ನೋಡ್ಕೊಂಡು ಅಳೋಕಾಗುತ್ತಾ?”

ಲೊರೀನ್ ನಗಲು ಪ್ರಯತ್ನಿಸಿದಳು.

“ಅದಕ್ಕೂ ಮುಂಚೆ ಕಾದ್ವಿ,” ಎಂದಳು ಬೆಸ್. “ಆರೂ ಇಪ್ಪತ್ತೆರಡರವರೆಗೆ. ನಾನೇ ದಿನದ ವರದೀಲಿ ಬರೆದಿದ್ದು, ಕಾರ್ಬನ್ ಪ್ರತಿ ಮನೇಲಿದೆ.”

“ಯಾರಿಗೆ ಕಾದ್ರಿ?”

“ನಿಮಗೆ. ಶುರುಮಾಡೋಣ ಅಂದ್ರೆ ಎನಿಡ್ ಕೇಳಲೇ ಇಲ್ಲ. ‘ಅವಳು ಮುಖ ತೊಳ್ಕೊಳ್ಳೋಕೆ ಹೋಗಿದ್ದಾಳೆ, ನಂಗೊತ್ತು ಅವಳನ್ನ, ಬರ್ತಾಳೆ’ ಅಂತ ಒಂದೇ ಹಟ. ವಾಲ್ಟರ್ ಕೂಡ ಸುಮ್ಮನೆ ಕೂತ. ಕೊನೆಗೆ ‘ನಾನೇ ಕರ್ಕೊಂಡು ಬರ್ತೀನಿ’ ಅಂತ ಹೋದ್ಲು. ವಾಪಸ್ ಬಂದು, ಮೇಡಂ ಆಗಲೇ ಮನೆಗೆ ಹೋಗಿಬಿಟ್ಟಿದ್ದಾರೆ, ಶುರುಮಾಡಿ ಅಂದ್ಲು.”

ಲೊರೀನ್ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟಳು. ಅಂದು ಅವಳು ಮನೆಗೆ ಹೋಗಿರಲಿಲ್ಲ ಎಂಬುದು ಹದಿನೇಳು ವರ್ಷ ತನ್ನೊಬ್ಬಳಿಗೆ ಮಾತ್ರ ಗೊತ್ತಿದೆ ಎಂದುಕೊಂಡಿದ್ದಳು. ಆದರೆ ಅಂದು ಅವಳ ಕೋಣೆಯ ದೀಪ ಉರಿಯುತ್ತಿತ್ತು.

ಆ ಸಂಜೆ ಕೆಲಸ ತಡವಾಯಿತು. ರಸ್ ಕೆಲ್ಸೊನ ಶಾಟುಗಳು ಐದೂ ನಲವತ್ತಕ್ಕೆ ಮುಗಿದವು. ಲೊರೀನಳ ಕ್ಲೋಸಪ್ಪು ಕೊನೆಗೆ ಉಳಿಯಿತು. ಗಡಿಯಾರ ಆರು ದಾಟಿದ್ದನ್ನು ಅವಳು ನೋಡಿದಳು. ಇದೊಂದು ಸಲ ಇರಲಿ ಎಂದು ಸುಮ್ಮನಿದ್ದಳು. ಏನೂ ಕೇಳದೆ ಷರತ್ತು ಸಡಿಲಿಸಿದ್ದನ್ನು ಯಾರಾದರೂ ಗಮನಿಸಬಹುದು ಎಂದೂ ಒಂದು ಗಳಿಗೆ ಅನ್ನಿಸಿತು. ಯಾರೂ ಗಮನಿಸಲಿಲ್ಲ.

ರಸ್ ಹೋಗಿರಬಹುದು ಎಂದು ಅವಳು ಬೆಸ್‌ಳ ಕಡೆ ತಿರುಗಿದಳು. ಬೆಸ್ ಇಲ್ಲವೆಂದು ತಲೆಯಾಡಿಸಿ ಬೆರಳಿನಿಂದ ಆಚೆ ತೋರಿಸಿದಳು. ಅವನು ಕ್ಯಾಮೆರಾದ ಪಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತು ಸೇಬು ತಿನ್ನುತ್ತಿದ್ದ. ವೈದ್ಯನ ಬಿಳಿ ಕೋಟು ಬಿಚ್ಚಿಯಾಗಿತ್ತು. ಶಾಟು ಶುರುವಾಗುವಾಗ ಸೇಬನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎದ್ದು ನಿಂತು, ಅವಳ ಕಣ್ಣನ್ನೇ ನೋಡುತ್ತ ತನ್ನ ಎಲ್ಲ ಮಾತನ್ನೂ ಕ್ಯಾಮೆರಾ ತನ್ನ ಮೇಲೇ ಇದೆ ಎನ್ನುವ ಹಾಗೆ ಹೇಳಿದ. ಎರಡನೇ ಟೇಕಿಗೆ ಒಪ್ಪಿಗೆಯಾಯಿತು. ಅಟ್ಟಣಿಗೆಯಲ್ಲಿ ಯಾರೋ ಕೆಮ್ಮದೆ ತಡೆದುಕೊಂಡದ್ದು ಅವಳಿಗೆ ತಿಳಿಯಿತು.

“ಥ್ಯಾಂಕ್ಸ್, ರಸ್,” ಎಂದಳು.

“ಯಾಕೆ ಮಿಸ್ ಹ್ಯಾಡ್ಲಿ?”

“ನಿಂತಿದ್ದಕ್ಕೆ.”

ಅವನಿಗೆ ಅರ್ಥವಾಗಲಿಲ್ಲ. “ನಿಲ್ಲದೇ ಇನ್ನೇನು? ಹೇಗಿದ್ರೂ ಈ ಹೊತ್ತಲ್ಲಿ ರಸ್ತೆ ತುಂಬ ಕಾರು. ಮನೆಗೆ ಹೋಗಿ ನಾನು ಏನು ಕಡಿದು ಹಾಕ್ಬೇಕಿತ್ತು?” ಉಳಿದ ಸೇಬನ್ನು ಕಚ್ಚಿಕೊಂಡು ಹೋದ.

ಬೆಸ್ ವರದಿ ಬರೆಯುತ್ತಿದ್ದಳು. ಲೊರೀನ್ ಅವಳ ಹೆಗಲ ಮೇಲಿಂದ ನೋಡಿದಳು. ರಸ್ ಕೆಲ್ಸೊ ಅಲ್ಲಿ ನಿಂತದ್ದು ಹನ್ನೊಂದು ನಿಮಿಷ.

“ಬೆಸ್, ಎನಿಡ್‌ಳ ವಿಳಾಸ ಕೊಡ್ತೀಯಾ?”

ಬೆಸ್ ಪೆನ್ಸಿಲು ನಿಲ್ಲಿಸಿ ಅವಳ ಮುಖ ನೋಡಿದಳು. ಬೇಡ ಎನ್ನುವಂತೆ ಏನೋ ಹೇಳಲು ಹೊರಟವಳು, ಸ್ಕ್ರಿಪ್ಟಿನ ಕೊನೆಯ ಹಾಳೆ ಹರಿದು ವಿಳಾಸ ಬರೆದುಕೊಟ್ಟಳು.

ಶನಿವಾರ ಲೊರೀನ್ ಕಾರು ತಾನೇ ಓಡಿಸಿಕೊಂಡು ಫ್ರೆಸ್ನೊಗೆ ಹೋದಳು. ಬೆಟ್ಟ ಹತ್ತಿ ಇಳಿದು ಇನ್ನೂರ ಇಪ್ಪತ್ತು ಮೈಲಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸುತ್ತಿದ್ದಳು. ನಾನು ಅಂದು ಮನೆಗೆ ಹೋಗಿರಲಿಲ್ಲ. ಅಷ್ಟನ್ನು ಹೇಳಿದರೆ ಉಳಿದದ್ದನ್ನು ಎನಿಡ್ ಹೇಳುತ್ತಾಳೆ. ಬೈದರೂ ಸರಿ, ಅತ್ತರೂ ಸರಿ. ಕ್ಷಮಿಸಿದ್ದೀನಿ ಅಂದರೆ ಅದಕ್ಕೆ ಏನು ಉತ್ತರ ಕೊಡುವುದು ಎಂಬುದನ್ನೂ ನಡುದಾರಿಯ ಬೇಕರ್ಸ್‌ಫೀಲ್ಡ್ ದಾಟುವಷ್ಟರಲ್ಲಿ ಸಿದ್ಧಮಾಡಿಕೊಂಡಿದ್ದಳು.

ಬಾಗಿಲು ತೆಗೆದವಳ ಕೂದಲು ಬೂದು. ಬಣ್ಣ ಹಾಕಿರಲಿಲ್ಲ. ತನ್ನ ಕೂದಲೂ ಹಾಗೆ ಬಿಟ್ಟರೆ ಹೀಗೇ ಕಾಣುತ್ತದೆ ಎಂಬುದು ಲೊರೀನಳಿಗೆ ಮೊದಲು ಹೊಳೆದದ್ದು.

“ದೊರೆಸಾನಿ,” ಎಂದಳು ಎನಿಡ್. “ಬೆಸ್ ಫೋನ್ ಮಾಡಿ ಹೇಳಿದ್ಲು ಬರಬಹುದು ಅಂತ. ನಾನು ನಂಬಲಿಲ್ಲ. ಒಳಗೆ ಬಾ, ನನ್ನ ಕೈಯೆಲ್ಲ ಎಣ್ಣೆ.”

ಅಡುಗೆಮನೆಯ ಮೇಜಿನ ತುಂಬ ಬೇಯಿಸಿದ ದ್ರಾಕ್ಷಿ ಎಲೆಗಳು, ಒಂದು ದೊಡ್ಡ ಬೋಗುಣಿಯಲ್ಲಿ ಅಕ್ಕಿ ಮತ್ತು ಕುರಿಯ ಕೊಚ್ಚಿದ ಮಾಂಸ. ಭಾನುವಾರ ಚರ್ಚಿನಲ್ಲಿ ಊಟವಿತ್ತು. ಎಲೆಯಲ್ಲಿ ಮಾಂಸ ತುಂಬಿ ಇನ್ನೂರು ಸುರುಳಿ ಸುತ್ತುವುದು ಎನಿಡ್‌ಳ ಪಾಲಿಗೆ ಬಂದಿತ್ತು.

“ಇಪ್ಪತ್ತು ವರ್ಷದ ಹಿಂದೆ ನನ್ನ ಅತ್ತೆ ಇದನ್ನ ಕೈಗೆ ಕೊಟ್ಟಿದ್ರೆ ಎಸೆದು ಓಡಿಹೋಗ್ತಿದ್ದೆ,” ಎಂದಳು. “ಕೂತ್ಕೋ. ನೀನು ಸುಮ್ಮನೆ ಕೂತ್ರೆ ನಂಗೆ ಕೈ ಓಡಲ್ಲ. ನೀನೂ ಸುತ್ತು. ಬೇಕರಿಯವನ ಮಗಳು ತಾನೇ.”

ಲೊರೀನ್ ಉಂಗುರಗಳನ್ನು ತೆಗೆದು ತಟ್ಟೆಯಲ್ಲಿಟ್ಟು ಎಲೆ ಕೈಗೆತ್ತಿಕೊಂಡಳು. ಅವಳು ಸುತ್ತಿದ ಮೊದಲನೆಯದು ಬಿಚ್ಚಿಕೊಂಡಿತು. ಎರಡನೆಯದೂ ಬಿಚ್ಚಿಕೊಂಡಿತು. ಎನಿಡ್ ಕೈಚಾಚಿ ಅವೆರಡನ್ನೂ ತೆಗೆದುಕೊಂಡು ಮತ್ತೆ ಸುತ್ತಿ ಸಾಲಿಗೆ ಸೇರಿಸಿದಳು. ಗಂಡ ಅರಾಮ್‌ನ ಬಗ್ಗೆ ಹೇಳಿದಳು. ಅವನು ಸಿನಿಮಾಕ್ಕೆ ಹೋದರೆ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾನೆ, ಅದಕ್ಕೇ ಅವನನ್ನು ಮದುವೆಯಾದೆ ಎಂದಳು. ಮಗಳ ಬಗ್ಗೆ ಹೇಳಿದಳು. ಸ್ಕೂಲಿನಲ್ಲಿ ದಿನಕ್ಕೆ ನಾನೂರು ತಟ್ಟೆ.

ಲೊರೀನ್ ಕಾದಳು. ಮಾತಿಗೆ ಸಂದು ಸಿಗಲಿಲ್ಲ. ಕೊನೆಗೆ ಸಂದಿಲ್ಲದೆಯೇ ಹೇಳಿದಳು.

“ಎನಿಡ್, ಅವತ್ತು ನಾನು ಮನೆಗೆ ಹೋಗಿರಲಿಲ್ಲ.”

“ಗೊತ್ತು.” ಎನಿಡ್ ಎಲೆಯ ತುದಿ ಮಡಿಸಿದಳು. “ದೀಪ ಉರೀತಿತ್ತು. ಪರದೆ ಸರಿದಿತ್ತು. ನೀನು ಮುಖಕ್ಕೆಲ್ಲ ಕ್ರೀಮು ಬಳ್ಕೊಂಡು ಕೂತಿದ್ದೆ, ಭೂತದ ಹಾಗೆ.”

“ತಟ್ಟಬಹುದಿತ್ತಲ್ಲ ಬಾಗಿಲು.”

“ಎಂಟು ವರ್ಷದಲ್ಲಿ ಒಂದು ದಿನವಾದ್ರೂ ನಿನ್ನ ಬಾಗಿಲು ತಟ್ಟಿದ್ದೀನಾ? ಕರೆದಾಗ ಬರೋದು, ಸಾಕು ಅಂದಾಗ ಸರಿಯೋದು. ತಟ್ಟೋದು ಹೇಗೆ ಅಂತ ನಂಗೆ ಗೊತ್ತೇ ಇರಲಿಲ್ಲ. ಕೈ ಎತ್ತಿದ್ದೆ. ಆಮೇಲೆ ಅಂದ್ಕೊಂಡೆ, ತಟ್ಟಿದ್ರೆ ಬರ್ತಾಳೆ. ಬಂದು ಒಳ್ಳೆಯವಳ ಹಾಗೆ ನಿಲ್ತಾಳೆ. ಬೇಡ.”

“ಕಚೇರಿಯವರು ಆ ಷರತ್ತನ್ನ...”

“ಷರತ್ತಿನ ಮಾತು ಬೆಸ್‌ಗೆ ಹೇಳು,” ಎಂದಳು ಎನಿಡ್. ದನಿ ಏರಿರಲಿಲ್ಲ. “ನಾಲ್ಕು ಗಂಟೆಗೆ ತಾಲೀಮಿನಲ್ಲಿ ನಿನ್ನ ಮುಖ ನಾನು ನೋಡಿದ್ದೀನಿ. ನಿನ್ನ ಮುಖ ನಂಗೆ ಗೊತ್ತಿರೋ ಅಷ್ಟು ನಿಂಗೇ ಗೊತ್ತಿಲ್ಲ. ಎಂಟು ವರ್ಷ ಅದರ ಜಾಗದಲ್ಲಿ ನಿಂತವಳು ನಾನು.”

ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಲೊರೀನ್ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

“ಈಗ ಹೇಳ್ತೀನಿ,” ಎಂದಳು. “ಆ ದೃಶ್ಯದ ನನ್ನ ಮಾತು ನಾನು ಹೇಳ್ತೀನಿ, ನಿಂದು ನೀನು ಹೇಳು. ಇಲ್ಲೇ.”

ಎನಿಡ್ ನಕ್ಕಳು. ಹಳೆಯ ನಗುವೇ. “ಕ್ಯಾಮೆರಾ ಎಲ್ಲಿ, ಈ ಬೋಗುಣಿಯಾ?”

“ಹೇಳು.”

ಎನಿಡ್ ಕೈ ಒರೆಸಿಕೊಂಡಳು. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಹೊಸ್ತಿಲ ಆಚೆ ನಿಂತಳು. ಕೈಯಲ್ಲಿ ಒರೆಸುವ ಬಟ್ಟೆಯಿತ್ತು. ಅದನ್ನು ಎರಡಾಗಿ ಮಡಿಸಿ ಹಿಡಿದಳು.

“ಯಾರು ಬೇಕಿತ್ತು?” ಎಂದಳು ಲೊರೀನ್.

“ನಾನು ಒಳಗೆ ಬರೋದಿಲ್ಲ,” ಎಂದಳು ಎನಿಡ್. ಬಟ್ಟೆಯನ್ನು ಮುಂದೆ ಚಾಚಿದಳು. “ಇದು ನಿಮ್ಮ ಮನೇಲಿ ಇರಬೇಕಾದ್ದು.”

ಮುಂದೆ ಲೊರೀನಳ ಮಾತು. ಅವಳು ಬಾಯಿ ತೆರೆದಳು. ಮಂಗಳವಾರವಷ್ಟೇ ಬೆಸ್ ಅದನ್ನು ಹೇಳಿದ್ದಳು, ಮೊಟ್ಟೆಯ ತಮಾಷೆ ಮಾಡಿದ್ದಳು. ಆದರೂ ಬರಲಿಲ್ಲ. ಎದುರಿಗೆ ಎನಿಡ್ ನಿಂತಿದ್ದಳು, ಚಾಚಿದ ಕೈ ಹಾಗೇ ಇತ್ತು, ಕಣ್ಣು ಕದಲಲಿಲ್ಲ. ನಾಲ್ಕು ಗಂಟೆಯ ತಾಲೀಮಿನಲ್ಲಿ ಆ ಕಣ್ಣಿನಲ್ಲಿ ಇದ್ದದ್ದೆಲ್ಲ ಇನ್ನೂ ಅಲ್ಲೇ ಇತ್ತು.

“‘ಇದು ನಿಮಗೆ ಎಲ್ಲಿ ಸಿಕ್ತು,’” ಎಂದು ಎನಿಡ್ ಮೆಲ್ಲಗೆ ಹೇಳಿಕೊಟ್ಟಳು. “‘ಏನು ಹೇಳ್ತಿದ್ರು’. ಆಮೇಲೆ ‘ನಿಮ್ಮ ಹೆಸರು’. ನಿಂದು ಅಷ್ಟೇ.”

“ಎರಡೂ ಕಡೆಯದು ಗೊತ್ತಾ ನಿಂಗೆ?”

“ನನ್ನ ಕೆಲಸವೇ ಅದಾಗಿತ್ತಲ್ಲ.”

ಲೊರೀನ್ ಮೊದಲಿನಿಂದ ಹೇಳಲು ಹೊರಟಳು. ಎನಿಡ್ ಬೇಡ ಎಂದು ಕೈಯಾಡಿಸಿ ಮೇಜಿಗೆ ಬಂದು ಕೂತಳು. “ಸಾಕು. ಎಲೆ ಒಣಗಿಹೋಗುತ್ತೆ.”

ಆಮೇಲೆ ಒಂದು ಗಂಟೆ ಇಬ್ಬರೂ ಸುರುಳಿ ಸುತ್ತಿದರು. ಲೊರೀನಳದು ಹತ್ತರಲ್ಲಿ ಆರು ನಿಂತವು. ಮೂರು ಗಂಟೆಗೆ ಅವಳು ಉಂಗುರ ಹಾಕಿಕೊಂಡು ಎದ್ದಾಗ ಎನಿಡ್ ಒಂದು ಡಬ್ಬಿಗೆ ಹದಿನೈದು ತುಂಬಿ ಕೊಟ್ಟಳು. “ಬೇಯಿಸ್ಕೋ. ಮುಕ್ಕಾಲು ಗಂಟೆ. ನಿಂಬೆಹಣ್ಣು ಹಿಂಡು.”

ಗೇಟಿನವರೆಗೂ ಬಂದಳು. ಕಾರಿನ ಬಾಗಿಲ ಹತ್ತಿರ ಲೊರೀನ್ ನಿಂತಳು. ಅವಳು ಯಾಕೆ ನಿಂತಳೆಂದು ಎನಿಡ್‌ಗೆ ತಿಳಿಯಿತು.

“ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ಲೊರೀನ್,” ಎಂದಳು. “ಇತ್ತು, ಬಹಳ ವರ್ಷ. ಈಗಿಲ್ಲ. ಆದ್ರೆ ಪರವಾಗಿಲ್ಲ ಅಂತ ಹೇಳು ಅಂದ್ರೆ ಅದು ನನ್ನ ಬಾಯಲ್ಲಿ ಬರಲ್ಲ. ಯಾಕಂದ್ರೆ ಅದು ಪರವಾಗಿಲ್ಲ ಅನ್ನೋ ಹಾಗಿರಲಿಲ್ಲ.” ಕೈಯಲ್ಲಿದ್ದ ಬಟ್ಟೆಯಿಂದ ಕಾರಿನ ಕಿಟಕಿಯ ಮೇಲಿದ್ದ ಧೂಳು ಒರೆಸಿದಳು. “ಇನ್ನೊಂದ್ಸಲ ಬಾ ಅಂತ ಕರೆಯಲ್ಲ. ದೂರ ಜಾಸ್ತಿ. ಕ್ರಿಸ್ಮಸ್ಸಿಗೆ ಕಾರ್ಡು ಹಾಕ್ತೀನಿ.”

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲೊರೀನ್ ಲೂ ಗ್ರಾನಿಕ್‌ಗೆ ಫೋನ್ ಮಾಡಿದಳು. ಅವನಿಗೆ ಎಪ್ಪತ್ತು ದಾಟಿತ್ತು, ಕಿವಿ ಮಂದ.

“ಲೂ, ಹನ್ನೊಂದನೇ ಕಲಮು ತೆಗೆಸಿಬಿಡಿ. ಮುಂದಿನ ಕರಾರಿನಿಂದ ಬೇಡ. ನಾನು ಆರರ ಮೇಲೂ ಇರ್ತೀನಿ, ಎಲ್ಲರ ಶಾಟು ಮುಗಿಯೋವರೆಗೆ.”

“ಯಾವ ಕಲಮು?”

“ಆರು ಗಂಟೇದು.”

ಆ ಕಡೆ ಕಾಗದ ಸರಿದ ಸದ್ದಾಯಿತು. ಗ್ರಾನಿಕ್ ಕೆಮ್ಮಿದ.

“ಅದು 1952ರಲ್ಲೇ ಹೋಯ್ತಲ್ಲ, ಲೊರೀನ್. ಟೆಲಿವಿಷನ್‌ನವರು ಒಪ್ಪಲಿಲ್ಲ. ಆಗ ನಿಂಗೆ ಹೇಳೋಕೆ ಮನಸ್ಸಾಗಲಿಲ್ಲ.”

“ಹನ್ನೊಂದು ವರ್ಷದಿಂದ ನಾನು ಆರಕ್ಕೆ ಮನೆಗೆ ಹೋಗ್ತಾ ಇದ್ದೀನಿ.”

“ನಿನ್ನ ಪಾತ್ರಗಳು ಆರರೊಳಗೇ ಮುಗೀತಿದ್ವು,” ಎಂದ ಗ್ರಾನಿಕ್.

ಡಿಸೆಂಬರ್ 20ರಂದು ಫ್ರೆಸ್ನೊದಿಂದ ಒಂದು ಕಾರ್ಡು ಬಂತು. ಅದರಲ್ಲಿ ಅಚ್ಚಾದ ಶುಭಾಶಯ, ಕೆಳಗೆ ಎರಡು ಸಹಿ: ಎನಿಡ್ ಮತ್ತು ಅರಾಮ್ ಬೆಡ್ರೋಸಿಯನ್.